ಪೌಷ್ಟಿಕ ವಿಜ್ಞಾನ ಓದಲು ಎಷ್ಟು ಸಾಲ ಮಾಡಬಹುದು?

ನೀಟ್ ಅಂಕ ನೋಡಿ ಎಂಬಿಬಿಎಸ್ ಸೀಟು ಕೈಗೆಟುಕುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೊಂದು ಪಟ್ಟಿ ಹೊರಬರುತ್ತದೆ. ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ. ಇವುಗಳ ಜೊತೆ ಈಚೆಗೆ ತಪ್ಪದೆ ಕಾಣಿಸುವ ಹೆಸರು ನ್ಯೂಟ್ರಿಷನ್ ಅಂಡ್ ಡಯಟಿಟಿಕ್ಸ್. ಮಗಳಿಗೆ ಜೀವಶಾಸ್ತ್ರ ಇಷ್ಟ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆಸೆ. ಕಾಲೇಜಿನ ಕರಪತ್ರದಲ್ಲಿ ‘ಬಹುಬೇಡಿಕೆಯ ಕ್ಷೇತ್ರ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಶುಲ್ಕದ ಮೊತ್ತ ಕೇಳಿ ಅಪ್ಪ ಹಿಂದೆಮುಂದೆ ನೋಡುವಷ್ಟರಲ್ಲಿ, ‘ಬ್ಯಾಂಕ್ ಲೋನ್ ಆಗುತ್ತೆ ಸರ್, ಚಿಂತೆ ಬೇಡ’ ಎಂಬ ಮಾತು ಪ್ರವೇಶ ವಿಭಾಗದಿಂದ ಬರುತ್ತದೆ.

ಲೋನ್ ಆಗುತ್ತದೆ ಎಂಬುದು ನಿಜ. ಅದನ್ನು ತೀರಿಸಲು ಆಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದವರು ಕಾಲೇಜಿನವರಲ್ಲ, ಬ್ಯಾಂಕಿನವರೂ ಅಲ್ಲ, ನಾವು. ಈ ಓದಿನ ಖರ್ಚು, ಸಾಲ, ಅದರಿಂದ ಬರುವ ಸಂಬಳ ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡುವುದು ಈ ಬರಹದ ಉದ್ದೇಶ.

ಕೆಲಸದ ಬೆಲೆ ದೊಡ್ಡದು

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಇದು ಹಗುರವಾದ ಓದಲ್ಲ, ‘ಅಡುಗೆ ಮನೆಯ ವಿಷಯ’ವೂ ಅಲ್ಲ. ಡಯಾಲಿಸಿಸ್ ವಾರ್ಡಿಗೆ ಒಮ್ಮೆ ಹೋಗಿ ನೋಡಿ. ರೋಗಿಯನ್ನು ನೋಡಲು ಬಂದ ನೆಂಟರು ಪ್ರೀತಿಯಿಂದ ಎಳನೀರು ತಂದಿರುತ್ತಾರೆ. ನಮ್ಮಲ್ಲಿ ಕಾಯಿಲೆಯವರಿಗೆ ಎಳನೀರಿಗಿಂತ ಒಳ್ಳೆಯದು ಇಲ್ಲ ಎಂಬುದು ತಲೆತಲಾಂತರದ ನಂಬಿಕೆ. ಆದರೆ ಮೂತ್ರಪಿಂಡ ಕೆಲಸ ನಿಲ್ಲಿಸಿದವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಹೊರಹೋಗುವ ದಾರಿಯೇ ಇಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಆ ಲೋಟವನ್ನು ನಯವಾಗಿ ಪಕ್ಕಕ್ಕಿಟ್ಟು, ತರಕಾರಿಯನ್ನು ಸಣ್ಣಗೆ ಹೆಚ್ಚಿ ಹೆಚ್ಚು ನೀರಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿ ಸಾರು ಮಾಡುವುದು ಹೇಗೆಂದು ಮನೆಯವರಿಗೆ ಅವರ ಮಾತಲ್ಲೇ ತಿಳಿಸಿ ಹೇಳುವವರು ಡಯಟೀಷಿಯನ್.

ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲೂ ಇದೇ ಬಗೆಯ ಎಚ್ಚರ ಬೇಕು. ತೀವ್ರ ಅಪೌಷ್ಟಿಕತೆಯಿಂದ ಬಂದ ಮಗುವಿಗೆ ಮೊದಲ ದಿನವೇ ಹೊಟ್ಟೆ ತುಂಬ ಉಣಿಸಿದರೆ ಜೀವಕ್ಕೇ ಅಪಾಯ. ಅದಕ್ಕೇ ಎಫ್-75 ಎಂಬ, 100 ಮಿಲಿಲೀಟರಿಗೆ 75 ಕಿಲೋ ಕ್ಯಾಲರಿ ಇರುವ ಹಾಲಿನ ಮಿಶ್ರಣವನ್ನು ಮಗುವಿನ ತೂಕಕ್ಕೆ ತಕ್ಕಂತೆ ಅಳೆದು ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ ಕೊಡಬೇಕು. ಮಗು ಚೇತರಿಸಿಕೊಂಡ ಮೇಲಷ್ಟೇ ಎಫ್-100. ಈ ಅಳತೆ ತಪ್ಪಬಾರದು.

ಅಗತ್ಯಕ್ಕೂ ಕೊರತೆಯಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 48ರಷ್ಟು ಮಂದಿಗೆ ರಕ್ತಹೀನತೆ. ಇನ್ನೊಂದು ಕಡೆ, ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ಹಸಿವಿನ ಕಾಯಿಲೆ, ಅತಿಯಾಗಿ ತಿಂದ ಕಾಯಿಲೆ ಎರಡೂ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿವೆ.

ಹಾಗಾದರೆ ಕರಪತ್ರ ಹೇಳುವ ‘ಬೇಡಿಕೆ’ ನಿಜವಲ್ಲವೇ? ಸಮಾಜಕ್ಕೆ ಇವರ ಅಗತ್ಯವಿದೆ. ಆದರೆ ಅಗತ್ಯ ಇರುವುದು ಬೇರೆ, ಸಂಬಳ ಕೊಡುವ ಹುದ್ದೆ ಇರುವುದು ಬೇರೆ. ಸಾಲದ ಕಂತು ಕಟ್ಟುವುದು ಎರಡನೆಯದರಿಂದ.

ಮೂರು ವರ್ಷದ ಓದಲ್ಲ

ಕುಟುಂಬಗಳು ಎಡವುವ ಮೊದಲ ಜಾಗ ಇದು. ಪಿಯುಸಿ ಮುಗಿಸಿದ ಮಗಳಿಗೆ ‘ಮೂರು ವರ್ಷದ ಬಿಎಸ್ಸಿ’ ಎಂದು ಲೆಕ್ಕ ಹಾಕಿ ಸಾಲ ಮಾಡುತ್ತಾರೆ. ಕರ್ನಾಟಕದಲ್ಲಿ 2024–25ರಿಂದ ಸಾಮಾನ್ಯ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ನಿಜ. ಆದರೆ ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿ ನಿಲ್ಲಲು ಬಿಎಸ್ಸಿ ಒಂದೇ ಸಾಲದು.

1963ರಲ್ಲಿ ಹುಟ್ಟಿದ ಭಾರತೀಯ ಡಯಟಿಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸಾದವರಿಗೆ ‘ರಿಜಿಸ್ಟರ್ಡ್ ಡಯಟೀಷಿಯನ್’, ಅಂದರೆ ಆರ್‌ಡಿ ಎಂಬ ಮನ್ನಣೆ ಸಿಗುತ್ತದೆ. ದೊಡ್ಡ ಆಸ್ಪತ್ರೆಗಳು ಇದಕ್ಕೆ ಬೆಲೆ ಕೊಡುತ್ತವೆ. ಆ ಪರೀಕ್ಷೆಗೆ ಕೂರಲು ಎಂಎಸ್ಸಿ ಅಥವಾ ಡಯಟಿಟಿಕ್ಸ್‌ನಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಬೇಕು, ಜೊತೆಗೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಿರಬೇಕು. ಎಂಎಸ್ಸಿ ಹಾದಿ ಹಿಡಿದರೆ ಬಿಎಸ್ಸಿಗೆ ಮೂರು ವರ್ಷ, ಎಂಎಸ್ಸಿಗೆ ಎರಡು, ಇಂಟರ್ನ್‌ಶಿಪ್ಪಿಗೆ ಸಾಮಾನ್ಯವಾಗಿ ಆರು ತಿಂಗಳು. ಒಟ್ಟು ಐದೂವರೆ ವರ್ಷ. ಇಂಟರ್ನ್‌ಶಿಪ್‌ನಲ್ಲಿ ಹಲವೆಡೆ ಭತ್ಯೆ ಇರುವುದಿಲ್ಲ. ಆ ತಿಂಗಳುಗಳಲ್ಲೂ ಬೆಂಗಳೂರಿನ ಪಿಜಿ ಬಾಡಿಗೆ ಮನೆಯಿಂದಲೇ ಹೋಗಬೇಕು.

ಬರೀ ಬಿಎಸ್ಸಿ ಮುಗಿಸಿದವರಿಗೆ ಕೆಲಸ ಇಲ್ಲವೆಂದಲ್ಲ. ತೂಕ ಇಳಿಸುವ ಕೇಂದ್ರಗಳು, ಜಿಮ್‌ಗಳು, ಮೊಬೈಲ್ ಆ್ಯಪ್ ಮೂಲಕ ಆಹಾರ ಸಲಹೆ ಕೊಡುವ ಕಂಪನಿಗಳು ಕರೆದು ಕೆಲಸ ಕೊಡುತ್ತವೆ. ಅಲ್ಲಿ ಎಷ್ಟೋ ಕಡೆ ಸಂಬಳದ ಒಂದು ಭಾಗ ಎಷ್ಟು ‘ಪ್ಯಾಕೇಜ್’ ಮಾರಿದಿರಿ ಎಂಬುದರ ಮೇಲೆ ನಿಂತಿರುತ್ತದೆ. ಕೆಲವರಿಗೆ ಅದು ಒಗ್ಗುತ್ತದೆ. ರೋಗಿಯ ಆರೈಕೆ ಎಂದುಕೊಂಡು ಓದಿಗೆ ಬಂದವರಿಗೆ ಟಾರ್ಗೆಟ್‌ನ ಹಿಂದೆ ಓಡುವುದು ಕಷ್ಟ.

ಆದ್ದರಿಂದ ಸಾಲದ ಲೆಕ್ಕ ಶುರುವಾಗಬೇಕಾದ್ದು ಮೊದಲ ವರ್ಷದ ಶುಲ್ಕದಿಂದಲ್ಲ. ಕೊನೆಯ ಮೆಟ್ಟಿಲಿನವರೆಗೆ, ಅಂದರೆ ಆರ್‌ಡಿ ಕೈಗೆ ಬರುವವರೆಗೆ ಆಗುವ ಒಟ್ಟು ಖರ್ಚಿನಿಂದ.

ಸಂಬಳ ಏಕೆ ಏಳುವುದಿಲ್ಲ?

ಖಾಸಗಿ ಆಸ್ಪತ್ರೆಯಲ್ಲಿ ಹೊಸದಾಗಿ ಸೇರುವ ಡಯಟೀಷಿಯನ್‌ಗೆ ತಿಂಗಳಿಗೆ 20 ಸಾವಿರ ರೂಪಾಯಿಯ ಆಸುಪಾಸಿನ ಸಂಬಳ ನಮ್ಮಲ್ಲಿ ಸಾಮಾನ್ಯ. ಐದೂವರೆ ವರ್ಷ ಓದಿದವರಿಗೆ ಇಷ್ಟೇಕೆ ಎಂದು ಕೇಳಿದರೆ ಕಾರಣಗಳು ಹಲವು.

ಮೊದಲನೆಯದು ಆಸ್ಪತ್ರೆಯ ಬಿಲ್ಲು. ಸರ್ಜನ್ ಮಾಡಿದ ಶಸ್ತ್ರಚಿಕಿತ್ಸೆಗೆ, ಲ್ಯಾಬ್ ಮಾಡಿದ ಪರೀಕ್ಷೆಗೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಇರುತ್ತದೆ. ಒಳರೋಗಿಗೆ ಡಯಟೀಷಿಯನ್ ಕೊಡುವ ಸಲಹೆ ಬಹುಪಾಲು ಪ್ಯಾಕೇಜಿನ ಒಳಗೇ ಸೇರಿಹೋಗುತ್ತದೆ. ಅದರಿಂದ ಆಸ್ಪತ್ರೆಗೆ ಪ್ರತ್ಯೇಕ ಆದಾಯ ಕಾಣುವುದಿಲ್ಲ. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್ ನಿಯಮಗಳು ರೋಗಿಯ ಪೋಷಣೆಯ ಆರೈಕೆಯನ್ನೂ ಕೇಳುತ್ತವೆ. ಹಾಗಾಗಿ ಹುದ್ದೆ ಉಳಿದಿದೆ. ಆದರೆ ಆಡಳಿತದ ಕಣ್ಣಿಗೆ ಅದು ಖರ್ಚಿನ ಬಾಬತ್ತು.

ಎರಡನೆಯದು, ಹೆಸರಿಗೆ ಇಲ್ಲಿಯವರೆಗೆ ಬೇಲಿ ಇರಲಿಲ್ಲ. ಐದೂವರೆ ವರ್ಷ ಓದಿದವರೂ ನ್ಯೂಟ್ರಿಷನಿಸ್ಟ್, ಆನ್‌ಲೈನಿನಲ್ಲಿ ಕೆಲವು ವಾರದ ಸರ್ಟಿಫಿಕೇಟ್ ಪಡೆದವರೂ ನ್ಯೂಟ್ರಿಷನಿಸ್ಟ್. ಜನರಿಗೆ ವ್ಯತ್ಯಾಸ ಗೊತ್ತಾಗದಿದ್ದರೆ ಹೆಚ್ಚು ಓದಿದವರಿಗೆ ಹೆಚ್ಚು ಕೊಡುವವರು ಯಾರು? ಇದನ್ನು ಸರಿಪಡಿಸಬಲ್ಲ ಕಾನೂನು ಈಗ ಇದೆ. ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆ 2021ರಲ್ಲಿ ಬಂತು. ಡಯಟೀಷಿಯನ್ ಮತ್ತು ನ್ಯೂಟ್ರಿಷನಿಸ್ಟ್ ಎರಡನ್ನೂ ‘ಪೌಷ್ಟಿಕ ವಿಜ್ಞಾನ ವೃತ್ತಿಪರರು’ ಎಂಬ ವರ್ಗದಡಿ ಅದು ಹೆಸರಿಸಿ ಸೇರಿಸಿದೆ, ನೋಂದಣಿಗೆ ವ್ಯವಸ್ಥೆ ಮಾಡಿದೆ. ಇದು ನೆಲದ ಮೇಲೆ ಪೂರ್ತಿ ಜಾರಿಯಾದರೆ ಅರ್ಹರ ಬೆಲೆ ಏರಬಹುದು. ಆದರೆ ಏರಬಹುದಾದ ಸಂಬಳವನ್ನು ನಂಬಿ ಈ ವರ್ಷ ಸಾಲ ಮಾಡಬಾರದು.

ಮೂರನೆಯದು ಸರ್ಕಾರಿ ಹುದ್ದೆಗಳ ಕೊರತೆ. ರೈಲ್ವೆ ನೇಮಕಾತಿ ಮಂಡಳಿ 2024ರಲ್ಲಿ ಪ್ಯಾರಾಮೆಡಿಕಲ್ ಸಿಬ್ಬಂದಿಗಾಗಿ 1,376 ಹುದ್ದೆಗಳಿಗೆ ಅರ್ಜಿ ಕರೆಯಿತು. ಅದರಲ್ಲಿ ಡಯಟೀಷಿಯನ್ ಹುದ್ದೆಗಳ ಸಂಖ್ಯೆ 5. ಮೂಲ ವೇತನ 44,900 ರೂಪಾಯಿ, ಭತ್ಯೆಗಳು ಬೇರೆ. ಸಂಬಳ ಮೆಚ್ಚುವಂಥದ್ದೇ. ಆದರೆ ಇಡೀ ದೇಶಕ್ಕೆ ಐದು ಕುರ್ಚಿ. ಕಾಲೇಜಿನ ಬೋಧನೆಯೂ ಒಂದು ಹಾದಿ. ಗೃಹ ವಿಜ್ಞಾನದಲ್ಲಿ ನೆಟ್ ಅಥವಾ ಕೆ-ಸೆಟ್ ಪಾಸಾಗಿ ಕಾಯಂ ಸಹಾಯಕ ಪ್ರಾಧ್ಯಾಪಕರಾದರೆ 57,700 ರೂಪಾಯಿಯ ಮೂಲ ವೇತನದಿಂದ ಆರಂಭ. ಅಲ್ಲೂ ಕಾಯಂ ನೇಮಕಾತಿ ಅಪರೂಪ, ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುವವರೇ ಹೆಚ್ಚು.

ಸಂಬಳ ಏರುವ ದಾರಿಗಳೂ ಇವೆ. ಮೂತ್ರಪಿಂಡ, ಕ್ಯಾನ್ಸರ್, ತೀವ್ರ ನಿಗಾ ಘಟಕ, ಕ್ರೀಡೆ ಇಂಥ ಯಾವುದಾದರೂ ಒಂದರಲ್ಲಿ ಕೈ ಪಳಗಿಸಿಕೊಂಡವರು, ಸ್ವಂತ ಕ್ಲಿನಿಕ್ ಇಟ್ಟು ಹೆಸರು ಮಾಡಿದವರು, ಆಹಾರ ಕಂಪನಿಗಳ ಲೇಬಲ್ ಮತ್ತು ಉತ್ಪನ್ನ ವಿಭಾಗಕ್ಕೆ ಹೋದವರು ಚೆನ್ನಾಗಿ ದುಡಿಯುತ್ತಾರೆ. ಆದರೆ ಇವೆಲ್ಲ ಐದಾರು ವರ್ಷದ ಅನುಭವದ ನಂತರದ ಮಾತು. ಬ್ಯಾಂಕಿನ ಕಂತು ಅಲ್ಲಿಯವರೆಗೆ ಕಾಯುವುದಿಲ್ಲ.

ಎರಡು ಹಾಳೆ, ಎರಡು ಬದುಕು

ಈಗ ಲೆಕ್ಕಕ್ಕೆ ಬರೋಣ. ಇಬ್ಬರು ವಿದ್ಯಾರ್ಥಿನಿಯರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಬಡ್ಡಿ ಶೇ 10, ಓದು ಮುಗಿದ ಮೇಲೆ ಇಬ್ಬರಿಗೂ ಬೆಂಗಳೂರಿನಲ್ಲಿ ತಿಂಗಳಿಗೆ 22 ಸಾವಿರ ರೂಪಾಯಿಯ ಕೆಲಸ. ಓದಿದ ವಿಷಯ ಒಂದೇ.

ಮೊದಲನೆಯವಳು ಖಾಸಗಿ ವಿಶ್ವವಿದ್ಯಾಲಯ ಸೇರುತ್ತಾಳೆ. ಬಿಎಸ್ಸಿಗೆ ಹಾಸ್ಟೆಲ್ ಸೇರಿ ವರ್ಷಕ್ಕೆ 2 ಲಕ್ಷ, ಎಂಎಸ್ಸಿಗೆ ವರ್ಷಕ್ಕೆ 2.5 ಲಕ್ಷ. ಒಟ್ಟು 11 ಲಕ್ಷ, ಎಲ್ಲವೂ ಸಾಲ. ಶೈಕ್ಷಣಿಕ ಸಾಲದಲ್ಲಿ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಇದನ್ನು ಅನೇಕರು ‘ಬಡ್ಡಿ ಇಲ್ಲದ ಅವಧಿ’ ಎಂದು ತಿಳಿದಿದ್ದಾರೆ. ಹಾಗಲ್ಲ. ಕಂತು ಇಲ್ಲ, ಬಡ್ಡಿ ಇದೆ. ಆ ಅವಧಿಯಲ್ಲಿ ಸರಳ ಬಡ್ಡಿ ಸೇರುತ್ತಾ ಹೋಗುತ್ತದೆ. ಮೊದಲ ವರ್ಷ ಪಡೆದ 2 ಲಕ್ಷಕ್ಕೆ ಆರು ವರ್ಷದ ಬಡ್ಡಿ, ಎರಡನೇ ವರ್ಷದ್ದಕ್ಕೆ ಐದು, ಹೀಗೆ ಎಲ್ಲ ಕೂಡಿಸಿದರೆ ಬಡ್ಡಿಯೇ 4.25 ಲಕ್ಷ. ಮೊದಲ ಕಂತು ಕಟ್ಟುವ ದಿನ ಅವಳ ಸಾಲ 15.25 ಲಕ್ಷ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 20,150 ರೂಪಾಯಿ. 22 ಸಾವಿರದಲ್ಲಿ ಪಿಎಫ್ ಕಳೆದರೆ ಕೈಗೆ ಬರುವುದೇ ಅಷ್ಟು. ಹದಿನೈದು ವರ್ಷಕ್ಕೆ ಎಳೆದರೂ ಕಂತು ಸುಮಾರು 16,400, ಕೊನೆಗೆ ಕಟ್ಟಿದ ಮೊತ್ತ 29 ಲಕ್ಷ ದಾಟಿರುತ್ತದೆ. ಇಲ್ಲಿ ಸಾಲ ತೀರಿಸುವವರು ಮಗಳಲ್ಲ. ಅಪ್ಪನ ನಿವೃತ್ತಿ ಹಣ, ಇಲ್ಲವೇ ಅಮ್ಮನ ಒಡವೆ.

ಎರಡನೆಯವಳು ಊರಿನ ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಬಿಎಸ್ಸಿ ಮಾಡುತ್ತಾಳೆ. ಅಷ್ಟಕ್ಕೆ ಮನೆಯ ಹಣ, ವಿದ್ಯಾರ್ಥಿವೇತನ ಸಾಕಾಗುತ್ತದೆ. ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಎಂಎಸ್ಸಿ ಮಾಡಲು, ಇಂಟರ್ನ್‌ಶಿಪ್‌ನ ಖರ್ಚಿಗೆ, ವರ್ಷಕ್ಕೆ 1 ಲಕ್ಷದಂತೆ 2 ಲಕ್ಷ ಸಾಲ. ಕಂತು ಆರಂಭವಾಗುವ ವೇಳೆಗೆ ಅದು 2.5 ಲಕ್ಷ. ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 4,150 ರೂಪಾಯಿ. ಊಟ ಸೇರಿದ ಪಿಜಿಗೆ 9 ಸಾವಿರ, ಓಡಾಟಕ್ಕೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ, ಫೋನು, ಬಟ್ಟೆ, ಊರಿಗೆ ಹೋಗಿಬರುವ ಖರ್ಚು ಎಲ್ಲ ಕಳೆದರೂ ಕಂತು ಕಟ್ಟಿ ಒಂದಿಷ್ಟು ಉಳಿಯುತ್ತದೆ. ಮುಖ್ಯವಾಗಿ ಅವಳಿಗೆ ಆಯ್ಕೆಯ ಸ್ವಾತಂತ್ರ್ಯ ಇರುತ್ತದೆ. ಹೆಚ್ಚು ಸಂಬಳದ ಮಾರಾಟದ ಕೆಲಸಕ್ಕಿಂತ ಕಡಿಮೆ ಸಂಬಳದ, ಹೆಚ್ಚು ಕಲಿಸುವ ಆಸ್ಪತ್ರೆಯ ಕೆಲಸವನ್ನು ಅವಳು ಧೈರ್ಯವಾಗಿ ಒಪ್ಪಬಲ್ಲಳು. ಮೊದಲನೆಯವಳಿಗೆ ಆ ಅವಕಾಶವೇ ಇಲ್ಲ.

ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ಕಂತು ಆರಂಭವಾಗುವ ದಿನದ ಒಟ್ಟು ಸಾಲ, ಅಸಲು ಬಡ್ಡಿ ಸೇರಿ, ಮೊದಲ ವರ್ಷದ ಸಂಬಳವನ್ನು ಮೀರಬಾರದು. 22 ಸಾವಿರದ ಕೆಲಸಕ್ಕೆ ಅದು 2.64 ಲಕ್ಷ. ತೀರಾ ಅನಿವಾರ್ಯವಾದರೆ ಒಂದೂವರೆ ಪಟ್ಟು. ಅದಕ್ಕೂ ಮೇಲೆ ಹೋದರೆ ಇದು ಓದಿನ ಸಾಲವಲ್ಲ, ಮನೆಯ ಸಾಲ.

ಬ್ಯಾಂಕಿನ ಕಿಟಕಿಯಲ್ಲಿ

ಸಾಲ ಬೇಕೇ ಬೇಕು ಎಂದಾದರೆ ನಿಯಮ ತಿಳಿದು ಹೋಗಿ. 7.5 ಲಕ್ಷದವರೆಗಿನ ಶೈಕ್ಷಣಿಕ ಸಾಲಕ್ಕೆ ಕೇಂದ್ರ ಸರ್ಕಾರದ ಸಾಲ ಖಾತರಿ ಯೋಜನೆ ಇದೆ. ಆ ಯೋಜನೆಯಡಿ ಕೊಡುವ ಸಾಲಕ್ಕೆ ಮನೆ-ಜಮೀನಿನ ಅಡಮಾನ ಕೇಳುವಂತಿಲ್ಲ. ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು. 7.5 ಲಕ್ಷ ದಾಟಿದರೆ ಆಸ್ತಿ ಪತ್ರದ ಮಾತು ಬರುತ್ತದೆ.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದ ಒಳಗಿದ್ದರೆ, ಕಂತು ಇಲ್ಲದ ಅವಧಿಯ ಪೂರ್ತಿ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ. ಮೊದಲ ಲೆಕ್ಕದ 4.25 ಲಕ್ಷದಂಥ ಹೊರೆಯನ್ನು ಇಳಿಸುವ ಯೋಜನೆ ಇದು. ಆದರೆ ಮೂರು ಷರತ್ತು ನೆನಪಿರಲಿ. ಕೋರ್ಸು ವೃತ್ತಿಪರ ಅಥವಾ ತಾಂತ್ರಿಕ ಎಂದು ಪರಿಗಣಿತವಾಗಿರಬೇಕು, ಕಾಲೇಜಿಗೆ ಮಾನ್ಯತೆ ಇರಬೇಕು, ಮತ್ತು ಒಬ್ಬರಿಗೆ ಒಂದೇ ಸಲ, ಪದವಿಗೋ ಸ್ನಾತಕೋತ್ತರಕ್ಕೋ. ನಿಮ್ಮ ಮಗಳ ಬಿಎಸ್ಸಿ ಈ ಯೋಜನೆಯೊಳಗೆ ಬರುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಬ್ಯಾಂಕಿನಿಂದ ಬರಹದಲ್ಲಿ ಕೇಳಿ ಪಡೆಯಿರಿ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಗುಣಮಟ್ಟದ ಸಂಸ್ಥೆಗಳ ಪಟ್ಟಿ ಇದೆ. ಆರಂಭದಲ್ಲಿ ಅವುಗಳ ಸಂಖ್ಯೆ 860. ಅಲ್ಲಿ ಸೀಟು ಸಿಕ್ಕಿದರೆ, ಕುಟುಂಬದ ಆದಾಯ 8 ಲಕ್ಷದವರೆಗೆ ಇದ್ದು ಬೇರೆ ಸರ್ಕಾರಿ ನೆರವು ಪಡೆಯದವರಿಗೆ, 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ ಶೇ 3ರಷ್ಟು ಬಡ್ಡಿ ಸಹಾಯ ಸಿಗಬಹುದು. ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ ಎಂಬ ಮಿತಿಯಿದೆ. ಸೇರಲಿರುವ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ.

ಇನ್ನೊಂದು ಸಣ್ಣ ಉಪಾಯವಿದೆ. ಓದುವಾಗಲೇ ಆಗಿಂದಾಗ್ಗೆ ಬಡ್ಡಿ ಕಟ್ಟುತ್ತಾ ಹೋದರೆ ಬಹಳಷ್ಟು ಬ್ಯಾಂಕುಗಳು ಬಡ್ಡಿ ದರದಲ್ಲಿ ಶೇ 1 ಕಡಿಮೆ ಮಾಡುತ್ತವೆ. 1 ಲಕ್ಷಕ್ಕೆ ತಿಂಗಳಿಗೆ ಎಂಟುನೂರು ಚಿಲ್ಲರೆ ರೂಪಾಯಿ. ಕಟ್ಟಲು ಸಾಧ್ಯವಿದ್ದವರು ಕಟ್ಟಿದರೆ ಸಾಲ ಬೆಳೆಯುವುದೇ ಇಲ್ಲ. ‘ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಇದೆ’ ಎಂಬ ಮಾತಿಗೆ ಹೆಚ್ಚು ತಲೆ ಕೊಡಬೇಡಿ. 80-ಇ ಸೆಕ್ಷನ್ನಿನ ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇದೆ. 22 ಸಾವಿರ ಸಂಬಳದವರಿಗೆ ತೆರಿಗೆಯೇ ಬರುವುದಿಲ್ಲ, ಹಾಗಾಗಿ ಉಳಿತಾಯವೂ ಇಲ್ಲ.

ಸಾಲಕ್ಕೆ ಮುಂಚೆ ನೋಡಬೇಕಾದದ್ದು ನಮ್ಮದೇ ರಾಜ್ಯದ ವ್ಯವಸ್ಥೆ. ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನ, ಬಿಸಿಎಂ ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು, ಸರ್ಕಾರಿ ಕಾಲೇಜುಗಳ ಕಡಿಮೆ ಶುಲ್ಕ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ವಿಎಚ್‌ಡಿ ಗೃಹ ವಿಜ್ಞಾನ ಕಾಲೇಜು ಇದೆ. ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೌಷ್ಟಿಕತೆಯ ಅಧ್ಯಯನ ವಿಭಾಗ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆ ಮತ್ತು ಪೌಷ್ಟಿಕತೆಯ ವಿಭಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಕಾಲೇಜು ಇವೆ. ಮೊದಲು ಈ ಬಾಗಿಲುಗಳನ್ನು ತಟ್ಟಿ.

ವಿದೇಶದ ಎಂಎಸ್ಸಿ

‘ಇಲ್ಲಿ ಸಂಬಳ ಕಡಿಮೆ, ಲಂಡನ್ನಿನಲ್ಲಿ ಒಂದು ವರ್ಷದ ಎಂಎಸ್ಸಿ ಮಾಡಿಬಿಡೋಣ’ ಎನ್ನುವವರು ಹೆಚ್ಚುತ್ತಿದ್ದಾರೆ. ಇಲ್ಲಿ ಒಂದು ದೊಡ್ಡ ಗುಂಡಿಯಿದೆ. ಬ್ರಿಟನ್ನಿನಲ್ಲಿ ‘ಡಯಟೀಷಿಯನ್’ ಎಂಬುದು ಕಾನೂನಿನ ರಕ್ಷಣೆ ಇರುವ ಹೆಸರು. ಎಚ್‌ಸಿಪಿಸಿ ಎಂಬ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಇಲ್ಲದೆ ಆ ಹೆಸರಿನಲ್ಲಿ ಕೆಲಸ ಮಾಡುವಂತಿಲ್ಲ. ನೋಂದಣಿ ಸಿಗಲು ಆ ಸಂಸ್ಥೆ ಒಪ್ಪಿದ ಡಯಟಿಟಿಕ್ಸ್ ಕೋರ್ಸ್ ಓದಿರಬೇಕು, ಇಲ್ಲವೇ ಹೊರದೇಶದ ಅರ್ಹತೆಯನ್ನು ಅವರು ಪರಿಶೀಲಿಸಿ ಒಪ್ಪಬೇಕು. ಬರೀ ‘ನ್ಯೂಟ್ರಿಷನ್’ ಹೆಸರಿನ ಒಂದು ವರ್ಷದ ಎಂಎಸ್ಸಿಯಿಂದ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ.

ಅಮೆರಿಕದಲ್ಲಿ 2024ರ ಜನವರಿ 1ರಿಂದ ಆರ್‌ಡಿ ಪರೀಕ್ಷೆಗೆ ಕೂರಲು ಸ್ನಾತಕೋತ್ತರ ಪದವಿ ಕಡ್ಡಾಯ, ಮೇಲ್ವಿಚಾರಣೆಯಲ್ಲಿ ಕನಿಷ್ಠ 1,000 ಗಂಟೆಗಳ ತರಬೇತಿಯೂ ಬೇಕು. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರಲ್ಲಿ ಡಯಟೀಷಿಯನ್ ಮತ್ತು ನ್ಯೂಟ್ರಿಷನಿಸ್ಟ್‌ಗಳ ಮಧ್ಯಮ ವಾರ್ಷಿಕ ಸಂಬಳ 73,850 ಡಾಲರ್. ರೂಪಾಯಿಗೆ ತಿರುಗಿಸಿದರೆ ಕಣ್ಣು ಅರಳುತ್ತದೆ. ಆದರೆ ವೀಸಾ ಸಿಗದೆ ವಾಪಸ್ ಬಂದರೆ? 30 ಲಕ್ಷದ ಸಾಲಕ್ಕೆ ಶೇ 10ರಂತೆ ಹತ್ತು ವರ್ಷದ ಕಂತು ತಿಂಗಳಿಗೆ 39,600 ರೂಪಾಯಿ. ಇಲ್ಲಿನ ಮೊದಲ ಸಂಬಳದ ಹೆಚ್ಚುಕಡಿಮೆ ಎರಡು ಪಟ್ಟು. ವಿದೇಶಕ್ಕೆ ಹೋಗುವುದಾದರೆ ವಾಪಸ್ ಬರುವ ಲೆಕ್ಕವನ್ನೂ ಮೊದಲೇ ಹಾಕಿಕೊಂಡು ಹೋಗಬೇಕು.

ಅಮೆರಿಕದಿಂದ ನಾವು ಕಲಿಯಬೇಕಾದದ್ದು ಇನ್ನೊಂದಿದೆ. ಅಲ್ಲಿನ ಶಿಕ್ಷಣ ಇಲಾಖೆ ‘ಕಾಲೇಜ್ ಸ್ಕೋರ್‌ಕಾರ್ಡ್’ ಎಂಬ ಜಾಲತಾಣದಲ್ಲಿ ಯಾವ ಕಾಲೇಜಿನ ಯಾವ ವಿಷಯ ಓದಿದವರಿಗೆ ಸಾಲ ಎಷ್ಟಾಯಿತು, ಕೆಲವು ವರ್ಷದ ನಂತರ ದುಡಿಮೆ ಎಷ್ಟಾಯಿತು ಎಂಬುದನ್ನು ಎಲ್ಲರಿಗೂ ಕಾಣುವಂತೆ ಇಡುತ್ತದೆ. ಹೈಸ್ಕೂಲ್ ಮಾತ್ರ ಓದಿದವರಿಗಿಂತ ಹೆಚ್ಚು ದುಡಿಯಲಾಗದ ಪದವಿ ಕೋರ್ಸುಗಳಿಗೆ ಸರ್ಕಾರಿ ಸಾಲವನ್ನೇ ನಿಲ್ಲಿಸುವ ಕಾನೂನು 2025ರ ಜುಲೈನಲ್ಲಿ ಅಲ್ಲಿ ಬಂದಿದೆ. ನಮ್ಮಲ್ಲಿ ವಿಷಯವಾರು ಇಂಥ ಪಟ್ಟಿ ಇಲ್ಲ. ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆಂದು ಕಾಲೇಜುಗಳು ಸಲ್ಲಿಸುವ ಮಾಹಿತಿಯಲ್ಲಿ ಕೆಲಸ ಸಿಕ್ಕವರ ಸಂಖ್ಯೆ ಮತ್ತು ಮಧ್ಯಮ ಸಂಬಳ ಇರುತ್ತದೆ. ಕಾಲೇಜಿನ ಜಾಲತಾಣದಲ್ಲಿ ಹುಡುಕಿದರೆ ಆ ಕಡತ ಸಿಗುತ್ತದೆ. ಆದರೆ ಅದರಲ್ಲಿ ಮೂರು ವರ್ಷದ ಎಲ್ಲ ಪದವಿಗಳೂ ಒಟ್ಟಿಗೇ ಇರುತ್ತವೆ. ಬಿಕಾಂನವರ ಸಂಬಳದಲ್ಲಿ ಪೌಷ್ಟಿಕ ವಿಜ್ಞಾನದವರ ಸಂಬಳ ಮುಚ್ಚಿಹೋಗುತ್ತದೆ.

ಕಾಲೇಜಿಗೆ ಕೇಳಬೇಕಾದದ್ದು

ಹಾಗಾಗಿ ನಾವೇ ಬಾಯಿಬಿಟ್ಟು ಕೇಳಬೇಕು. ಕಳೆದ ವರ್ಷ ಈ ವಿಭಾಗದಿಂದ ಹೊರಬಂದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಡಯಟೀಷಿಯನ್ ಆಗಿ ಕೆಲಸಕ್ಕೆ ಸೇರಿದರು, ಎಷ್ಟು ಸಂಬಳಕ್ಕೆ? ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಅದನ್ನು ಕಾಲೇಜೇ ಕೊಡಿಸುತ್ತದೆಯೇ, ಅದಕ್ಕೆ ಹಣ ಕಟ್ಟಬೇಕೇ? ಆರ್‌ಡಿ ಪರೀಕ್ಷೆ ಪಾಸಾದವರು ಎಷ್ಟು ಮಂದಿ? ಅವರಲ್ಲಿ ಇಬ್ಬರ ಜೊತೆ ಮಾತಾಡಿಸುತ್ತೀರಾ? ಚೆನ್ನಾಗಿ ನಡೆಯುವ ವಿಭಾಗಗಳು ಈ ಪ್ರಶ್ನೆಗಳಿಗೆ ಖುಷಿಯಿಂದ ಉತ್ತರಿಸುತ್ತವೆ. ತೇಲಿಸಿ ಮಾತಾಡುವ ಕಡೆ ಮುಂಗಡ ಕಟ್ಟಬೇಡಿ.

ಇನ್ನೊಂದು ಪ್ರಶ್ನೆ ಕಾನೂನಿನದು. 2021ರ ಕಾಯ್ದೆಯ ಪ್ರಕಾರ ಆರೋಗ್ಯ ವೃತ್ತಿಪರರು ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ, ಮೂರರಿಂದ ಆರು ವರ್ಷದ ಪದವಿ ಓದು ಬೇಕು. ಕೋರ್ಸು ಆಯೋಗದ ಪಠ್ಯಕ್ರಮಕ್ಕೆ ಹೊಂದುತ್ತದೆಯೇ ಎಂದು ಕೇಳಿ. ಕಾಯ್ದೆಯಡಿ ಬರುವ ಆರೋಗ್ಯ ಕೋರ್ಸುಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ನಡೆಸಬಾರದು ಎಂದು ಯುಜಿಸಿ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ತಡೆ ಹಾಕಿದೆ. ಆ ಪಟ್ಟಿಯಲ್ಲಿ ಆಹಾರ ಮತ್ತು ಪೌಷ್ಟಿಕ ವಿಜ್ಞಾನವೂ ಸೇರಿದೆ. ‘ಮನೆಯಲ್ಲೇ ಕೂತು ಎಂಎಸ್ಸಿ ಡಯಟಿಟಿಕ್ಸ್’ ಎಂಬ ಜಾಹೀರಾತು ಕಂಡರೆ ಹತ್ತಿರ ಹೋಗಬೇಡಿ.

ನೌಕರಿಯ ಅಧಿಸೂಚನೆಗಳನ್ನೂ ಓದುವ ರೂಢಿ ಮಾಡಿಕೊಳ್ಳಿ. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆ ಸಿಗುತ್ತದೆ ಎಂದು ಹೇಳುವವರಿದ್ದಾರೆ. ಆ ಹುದ್ದೆಯ ನಿಯಮಗಳಲ್ಲಿ ಆಹಾರ ತಂತ್ರಜ್ಞಾನ, ಡೇರಿ ತಂತ್ರಜ್ಞಾನ, ಸೂಕ್ಷ್ಮಜೀವಶಾಸ್ತ್ರದಂಥ ವಿಷಯಗಳ ಹೆಸರಿರುತ್ತದೆ. ಆಹಾರ ತಂತ್ರಜ್ಞಾನವೂ ಪೌಷ್ಟಿಕ ವಿಜ್ಞಾನವೂ ಒಂದೇ ಅಲ್ಲ. ಯಾವ ಪದವಿ ಯಾವ ಹುದ್ದೆಗೆ ನಡೆಯುತ್ತದೆ ಎಂಬುದು ಸೇರುವ ಮೊದಲೇ ತಿಳಿದಿರಬೇಕು.

ಸರ್ಕಾರದ ಪಾಲಿನ ಲೆಕ್ಕ

ಈ ಲೆಕ್ಕವನ್ನು ಕುಟುಂಬಗಳ ಹೆಗಲಿಗೆ ಮಾತ್ರ ಹೊರಿಸಿ ಕೂರುವುದು ನ್ಯಾಯವಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದರ ಮೊದಲ ನೆಲ ತಿ. ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಐವತ್ತು ವರ್ಷದಿಂದ ನಾವು ಮಕ್ಕಳ ಪೋಷಣೆಗೆ ಹಣ ಸುರಿಯುತ್ತಿದ್ದೇವೆ. ಅದೇ ವಿಷಯವನ್ನು ಐದೂವರೆ ವರ್ಷ ಓದಿದವರನ್ನು ಮಾತ್ರ ಗುತ್ತಿಗೆಯ ಮೇಲೆ, ವರ್ಷ ವರ್ಷ ನವೀಕರಣಕ್ಕೆ ಕಾಯಿಸುತ್ತಾ ಇಟ್ಟುಕೊಂಡಿದ್ದೇವೆ. ಪ್ರತಿ ತಾಲ್ಲೂಕು ಆಸ್ಪತ್ರೆಗೆ ಒಬ್ಬರು ಕಾಯಂ ಡಯಟೀಷಿಯನ್ ಬೇಕು. ಇಂಟರ್ನ್‌ಶಿಪ್ ಮಾಡುವವರಿಗೆ ಊಟ-ವಸತಿಗೆ ಸಾಲುವಷ್ಟಾದರೂ ಭತ್ಯೆ ಬೇಕು. ಪ್ರತಿ ಕಾಲೇಜೂ ವಿಷಯವಾರು ಉದ್ಯೋಗ ಮತ್ತು ಸಂಬಳದ ವಿವರವನ್ನು ಪ್ರವೇಶದ ಫಲಕದಲ್ಲೇ ಹಾಕುವ ನಿಯಮ ಬೇಕು. ಈ ಮೂರೂ ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಆಗುವ ಕೆಲಸಗಳು.

ಅಲ್ಲಿಯವರೆಗೆ ಪ್ರತಿ ಮನೆಯೂ ತನ್ನ ಲೆಕ್ಕವನ್ನು ತಾನೇ ಮಾಡಬೇಕು. ಮಗಳಿಗೆ ಈ ವಿಷಯದಲ್ಲಿ ನಿಜವಾದ ಆಸಕ್ತಿ ಇದ್ದರೆ ‘ಇದರಲ್ಲಿ ದುಡ್ಡಿಲ್ಲ’ ಎಂದು ತಡೆಯಬೇಡಿ. ಮಧುಮೇಹದ ಮನೆಗಳಿಗೂ ಡಯಾಲಿಸಿಸ್ ವಾರ್ಡುಗಳಿಗೂ ಅವಳು ಬೇಕು. ಕೋರ್ಸಿಗೆ ಒಪ್ಪಿ, ದುಬಾರಿ ಸೀಟಿಗೆ ಬೇಡ ಎನ್ನಿ. ಸರ್ಕಾರಿ ಸೀಟಿಗಾಗಿ ಅಲೆಯಬೇಕಾದರೆ ಅಲೆಯಿರಿ, ಒಂದು ವರ್ಷ ಕಾಯಬೇಕಾದರೆ ಕಾಯಿರಿ. ಕಡಿಮೆ ಸಾಲದಲ್ಲಿ ಓದಿದ ಡಯಟೀಷಿಯನ್ ಈ ವೃತ್ತಿಯಲ್ಲಿ ಉಳಿಯುತ್ತಾಳೆ, ಬೆಳೆಯುತ್ತಾಳೆ. ದೊಡ್ಡ ಸಾಲ ಹೊತ್ತವಳು ಕಂತಿಗೆ ಹೆದರಿ ಎರಡೇ ವರ್ಷದಲ್ಲಿ ಬೇರೆ ಕೆಲಸಕ್ಕೆ ಹೋಗುತ್ತಾಳೆ. ಆಗ ಅವಳ ಓದೂ ಹೋಯಿತು, ಮನೆಯ ಹಣವೂ ಹೋಯಿತು, ರೋಗಿಗೆ ಸಿಗಬೇಕಿದ್ದ ಸಲಹೆಯೂ ಸಿಗಲಿಲ್ಲ.